ಗ್ಲುಟಾಥಿಯೋನ್: ಜೀವಕೋಶದ ಒಳಮನೆಯ ಕಾವಲು

ಬದನೆಕಾಯಿಯನ್ನು ಹೆಚ್ಚಿದೊಡನೆ ನೀರಿಗೆ ಹಾಕುವುದು ಕನ್ನಡಿಗರ ಅಡುಗೆಮನೆಗಳ ಹಳೆಯ ರೂಢಿ. ಹಾಗೆಯೇ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಹೋಳುಗಳು ಕಪ್ಪಾಗುತ್ತವೆ. ಗಾಳಿಯ ಆಮ್ಲಜನಕವು ಕಾಯಿಯ ತಿರುಳಿನೊಡನೆ ಕೂಡಿ ನಡೆಯುವ ಈ ಕ್ರಿಯೆಗೆ ರಸಾಯನಶಾಸ್ತ್ರದಲ್ಲಿ ಉತ್ಕರ್ಷಣವೆಂದು ಹೆಸರು. ಕಬ್ಬಿಣ ತುಕ್ಕು ಹಿಡಿಯುವುದೂ ಹಳೆಯ ಎಣ್ಣೆ ಕಮಟು ವಾಸನೆ ಬೀರುವುದೂ ಇದೇ ಬಗೆಯ ಕ್ರಿಯೆಗಳು. ಯಾವ ಆಮ್ಲಜನಕವಿಲ್ಲದೆ ಮನುಷ್ಯನು ಕೆಲವು ನಿಮಿಷಗಳಿಗಿಂತ ಹೆಚ್ಚು ಬದುಕಲಾರನೋ ಅದೇ ಆಮ್ಲಜನಕವು ಅವನ ಜೀವಕೋಶಗಳನ್ನು ಒಳಗಿನಿಂದ ಸವೆಸುತ್ತಲೂ ಇರುತ್ತದೆ.

ಉಸಿರಿನೊಡನೆ ಒಳಸೇರಿದ ಆಮ್ಲಜನಕದ ಬಹುಪಾಲು ಆಹಾರವನ್ನು ದಹಿಸಲು ನೆರವಾಗಿ ಕೊನೆಗೆ ನೀರಾಗಿ ಪರಿಣಮಿಸುತ್ತದೆ. ಅಲ್ಪಭಾಗ ಮಾತ್ರ ನಡುದಾರಿಯಲ್ಲಿ ತಪ್ಪಿಸಿಕೊಂಡು ಹೈಡ್ರೊಜನ್ ಪೆರಾಕ್ಸೈಡ್ ಮೊದಲಾದ ಉಗ್ರ ಸಂಯುಕ್ತಗಳಾಗುತ್ತದೆ. ಗಾಯ ತೊಳೆಯಲು ಬಳಸುತ್ತಿದ್ದ ಆ ನೊರೆಬರುವ ದ್ರವವೇ ಇದು. ಅಧಿಕ ಆಮ್ಲಜನಕದಿಂದಾಗುವ ಹಾನಿಗೂ ಕ್ಷಕಿರಣಗಳಿಂದಾಗುವ ಹಾನಿಗೂ ಮೂಲ ಒಂದೇ ಇರಬೇಕೆಂದು 1954ರಲ್ಲಿ ರೆಬೆಕಾ ಗೆರ್ಶ್‌ಮನ್ ಎಂಬ ಅರ್ಜೆಂಟೀನಾದ ವಿಜ್ಞಾನಿ ಮತ್ತು ಆಕೆಯ ಸಹೋದ್ಯೋಗಿಗಳು ತೋರಿಸಿದ ಮೇಲೆ ಈ ವಿಷಯಕ್ಕೆ ವೈದ್ಯಲೋಕದಲ್ಲಿ ಮನ್ನಣೆ ದೊರೆಯಲಾರಂಭಿಸಿತು.

ಇಂಥ ಹಾವಳಿಯನ್ನು ತಡೆಯುವ ವಸ್ತುಗಳೇ ಉತ್ಕರ್ಷಣ ನಿರೋಧಕಗಳು. ಜನಬಳಕೆಯ ಮಾತಿನಲ್ಲಿ ಆಂಟಿಆಕ್ಸಿಡೆಂಟ್‌ಗಳು. ಈ ಶಬ್ದವು ಇಂದು ಔಷಧದಂಗಡಿಯ ಗಾಜಿನ ಬೀರುವಿನಿಂದ ಹಿಡಿದು ಸಾಬೂನಿನ ಜಾಹೀರಾತಿನವರೆಗೆ ಎಲ್ಲೆಡೆಯೂ ಕಾಣಿಸುತ್ತದೆ. ಸಿ ಮತ್ತು ಇ ಜೀವಸತ್ವಗಳ ಹೆಸರನ್ನು ಎಲ್ಲರೂ ಬಲ್ಲರು. ಆದರೆ ದೇಹವು ತಾನೇ ತಯಾರಿಸಿಕೊಳ್ಳುವ, ಹೆಚ್ಚುಕಡಮೆ ಪ್ರತಿಯೊಂದು ಜೀವಕೋಶದಲ್ಲಿಯೂ ತುಂಬಿರುವ ಗ್ಲುಟಾಥಿಯೋನಿನ ಪರಿಚಯ ಬಹುಕಾಲ ಪ್ರಯೋಗಶಾಲೆಯ ಹೊರಗೆ ಇರಲಿಲ್ಲ. ಈಗ ಅದೂ ಮಾತ್ರೆಯಾಗಿ, ಚುಚ್ಚುಮದ್ದಾಗಿ ಪೇಟೆಗೆ ಬಂದಿದೆ. ಪೇಟೆಯ ಮಾತಿಗೆ ಕಿವಿಗೊಡುವ ಮುನ್ನ ಪ್ರಯೋಗಶಾಲೆಯು ಕಂಡುದೇನೆಂಬುದನ್ನು ತಿಳಿಯುವುದೊಳಿತು. ಅಲ್ಲಿ ಈ ವಸ್ತುವಿನ ಬೆಲೆ ತಿಳಿದದ್ದು ಅದನ್ನು ಕೊಟ್ಟು ನೋಡಿದ್ದರಿಂದಲ್ಲ. ಬಹುಮಟ್ಟಿಗೆ, ಅದು ಬರಿದಾದಾಗ ಏನಾಗುತ್ತದೆಂದು ನೋಡಿದ್ದರಿಂದ.

ಗಂಧಕದ ಗೆಳೆಯ

1888ರಲ್ಲಿ ಫ್ರಾನ್ಸಿನ ದ ರೇ-ಪೈಯಾದ್ ಎಂಬುವರು ಯೀಸ್ಟಿನ ಸಾರಕ್ಕೆ ಗಂಧಕದ ಪುಡಿಯನ್ನು ಬೆರೆಸಿದಾಗ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹೊರಬಂದಿತು. ಗಂಧಕವನ್ನು ಇಷ್ಟು ಒಲವಿನಿಂದ ಹಿಡಿದು ಮಾರ್ಪಡಿಸುವ ವಸ್ತುವೊಂದು ಅದರಲ್ಲಿದೆಯೆಂದು ತರ್ಕಿಸಿ ಅದಕ್ಕೆ ಗಂಧಕಪ್ರಿಯ ಎಂಬರ್ಥದ ಗ್ರೀಕ್ ಹೆಸರನ್ನು, ಫಿಲೋಥಿಯಾನ್ ಎಂದು, ಅವರು ಕೊಟ್ಟರು. ಆ ಹೆಸರು ಉಳಿಯಲಿಲ್ಲ. 1921ರಲ್ಲಿ ಕೇಂಬ್ರಿಜ್‌ನ ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್ ಯೀಸ್ಟ್, ಸ್ನಾಯು ಮತ್ತು ಯಕೃತ್ತುಗಳಿಂದ ಅದನ್ನು ಬೇರ್ಪಡಿಸಿ ಗ್ಲುಟಾಥಿಯೋನ್ ಎಂದು ಕರೆದರು. ಅದರಲ್ಲಿ ಗ್ಲುಟಾಮಿಕ್ ಆಮ್ಲ, ಸಿಸ್ಟೀನ್ ಎಂಬ ಎರಡೇ ಅಮೈನೋ ಆಮ್ಲಗಳಿವೆಯೆಂಬುದು ಅವರ ಅಂದಿನ ನಿರ್ಣಯವಾಗಿತ್ತು. ಟೊರಾಂಟೋದ ಹಂಟರ್ ಮತ್ತು ಈಗಲ್ಸ್ 1927ರಲ್ಲಿ ಇದನ್ನು ಪ್ರಶ್ನಿಸಿದರು. ಹಾಪ್ಕಿನ್ಸ್ ಮತ್ತೆ ಕೆಲಸಕ್ಕೆ ಕುಳಿತು 1929ರಲ್ಲಿ ಶುದ್ಧ ಹರಳುಗಳನ್ನು ಪಡೆದು, ಗ್ಲೈಸೀನ್ ಎಂಬ ಮೂರನೆಯ ಅಮೈನೋ ಆಮ್ಲವೂ ಇದೆಯೆಂದು ತಮ್ಮ ಮಾತನ್ನು ತಾವೇ ತಿದ್ದಿದರು. ಅದೇ ವರ್ಷ ಅವರಿಗೆ ನೊಬೆಲ್ ಪಾರಿತೋಷಕವೂ ಬಂದಿತು. ಆದರೆ ಅದು ಜೀವಸತ್ವಗಳ ಸಂಶೋಧನೆಗಾಗಿ. ಹೆಸರಾಂತ ವಿಜ್ಞಾನಿಯೊಬ್ಬರು ತಮ್ಮ ತಪ್ಪನ್ನು ಅಚ್ಚಿನಲ್ಲಿ ಒಪ್ಪಿಕೊಂಡ ಈ ಪ್ರಸಂಗವು ಪಾರಿತೋಷಕಕ್ಕಿಂತ ಕಡಮೆಯದಲ್ಲ.

ಈ ಮೂರರಲ್ಲಿ ಮುಖ್ಯ ಕೆಲಸ ಸಿಸ್ಟೀನಿನದು. ಅದರಲ್ಲಿ ಗಂಧಕ ಮತ್ತು ಜಲಜನಕದ ಒಂದು ಜೋಡಿ ಹೊರಚಾಚಿರುತ್ತದೆ. ಉಗ್ರ ಸಂಯುಕ್ತವೊಂದು ಎದುರಾದಾಗ ಗ್ಲುಟಾಥಿಯೋನ್ ಆ ಜಲಜನಕವನ್ನು ಕೊಟ್ಟು ಅದನ್ನು ಶಾಂತಗೊಳಿಸುತ್ತದೆ. ಹೀಗೆ ಜಲಜನಕ ಕಳೆದುಕೊಂಡ ಎರಡು ಅಣುಗಳು ಗಂಧಕದ ಮೂಲಕ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಈ ಜೋಡಿಯನ್ನು ಮತ್ತೆ ಬಿಡಿಸಿ ಕೆಲಸಕ್ಕೆ ಸಿದ್ಧಪಡಿಸುವುದು ಬೇರೊಂದು ಕಿಣ್ವ. ಅದಕ್ಕೆ ಬೇಕಾದ ಜಲಜನಕ ದೊರೆಯುವುದು ಸಕ್ಕರೆಯ ವಿಭಜನೆಯಿಂದ.

ಮದುವೆಮನೆಯ ಲೋಟಗಳ ಹೋಲಿಕೆ ಇಲ್ಲಿ ಸಲ್ಲುತ್ತದೆ. ಸಾವಿರ ಜನರ ಊಟಕ್ಕೆ ಸಾವಿರ ಲೋಟಗಳು ಬೇಕಿಲ್ಲ. ಒಂದು ಪಂಕ್ತಿ ಎದ್ದೊಡನೆ ತೊಳೆದು ಮುಂದಿನ ಪಂಕ್ತಿಗೆ ಇಟ್ಟರಾಯಿತು. ಆದರೆ ತೊಳೆಯುವ ನೀರು ನಿಂತರೆ? ಲೋಟಗಳೇ ಮನೆಬಿಟ್ಟು ಹೋದರೆ? ಹೊಸ ಲೋಟ ಮಾಡುವ ಕಂಚುಗಾರನೇ ಕೈಕಟ್ಟಿ ಕುಳಿತರೆ? ಕಳೆದ ಶತಮಾನದ ಉತ್ತರಾರ್ಧದಲ್ಲಿ ಈ ಮೂರು ಪ್ರಶ್ನೆಗಳಿಗೂ ಪ್ರಯೋಗಶಾಲೆಯಲ್ಲಿ ಉತ್ತರ ದೊರೆಯಿತು.

ತೊಳೆಯುವ ನೀರು ನಿಂತಾಗ

ಮಲೇರಿಯಾಕ್ಕೆ ಕೊಡುವ ಪ್ರಿಮಾಕ್ವಿನ್ ಗುಳಿಗೆಯು ಬಹುಜನರಿಗೆ ತೊಂದರೆ ಕೊಡುವುದಿಲ್ಲ. ಕೆಲವರಲ್ಲಿ ಮಾತ್ರ ಕೆಲವೇ ದಿನಗಳಲ್ಲಿ ಮೂತ್ರ ಕಪ್ಪಾಗಿ, ಮೈ ಬಿಳಿಚಿಕೊಂಡು, ಕಣ್ಣು ಹಳದಿಯಾಗುತ್ತದೆ. ಕೆಂಪು ರಕ್ತಕಣಗಳು ರಾಶಿರಾಶಿಯಾಗಿ ಒಡೆಯುತ್ತಿರುತ್ತವೆ. ಇದರ ಕಾರಣವನ್ನು ಹುಡುಕಿದ ಪರೀಕ್ಷೆಗಳು ಅಮೆರಿಕದ ಇಲಿನಾಯ್ ಪ್ರಾಂತದ ಸ್ಟೇಟ್‌ವಿಲ್ ಸೆರೆಮನೆಯ ಬಂದಿಗಳ ಮೇಲೆ ನಡೆದವು. ಬಂದಿಗಳನ್ನು ಹೀಗೆ ಪರೀಕ್ಷೆಗೊಡ್ಡುವುದನ್ನು ಇಂದಿನ ವೈದ್ಯನೀತಿ ಒಪ್ಪದು. ಆ ಜ್ಞಾನದ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಮರೆಯಬಾರದು.

ಮೊದಲು ತಿಳಿಯಬೇಕಾಗಿದ್ದುದು, ದೋಷವಿರುವುದು ರಕ್ತಕಣದಲ್ಲೋ ಅಥವಾ ದೇಹದ ಬೇರೆ ಭಾಗದಲ್ಲೋ ಎಂಬುದು. 1954ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಔಷಧ ಸಹಿಸದವರ ರಕ್ತಕಣಗಳಿಗೆ ವಿಕಿರಣಶೀಲ ಕ್ರೋಮಿಯಮ್ಮಿನ ಗುರುತು ಹಾಕಿ ಸಹಿಸಬಲ್ಲವರ ದೇಹಕ್ಕೆ ಸೇರಿಸಿದರು. ಪ್ರಿಮಾಕ್ವಿನ್ ಕೊಟ್ಟಾಗ ಆ ಕಣಗಳು ಅಲ್ಲಿಯೂ ನಾಶವಾದವು. ಸಹಿಸಬಲ್ಲವರ ಕಣಗಳು ಸಹಿಸದವರ ದೇಹದಲ್ಲಿಯೂ ಉಳಿದವು. ದೋಷ ಕಣದೊಳಗೇ ಇದ್ದಿತು. ಮುಂದೆ ಅರ್ನೆಸ್ಟ್ ಬ್ಯೂಟ್ಲರ್, ಅಂಥವರ ಕಣಗಳಲ್ಲಿ ಗ್ಲುಟಾಥಿಯೋನ್ ಕಡಮೆಯಿದೆಯೆಂದು ಕಂಡರು. 1957ರಲ್ಲಿ ಅದಕ್ಕೊಂದು ಸರಳ ಪರೀಕ್ಷೆಯನ್ನೂ ರೂಪಿಸಿದರು. ರಕ್ತಕ್ಕೆ ಉತ್ಕರ್ಷಣಕಾರಿ ರಾಸಾಯನಿಕವೊಂದನ್ನು ಬೆರೆಸಿ ದೇಹದ ಉಷ್ಣತೆಯಲ್ಲಿ ಎರಡು ಗಂಟೆ ಇಟ್ಟರೆ, ಆರೋಗ್ಯವಂತರ ರಕ್ತದಲ್ಲಿ ಗ್ಲುಟಾಥಿಯೋನ್ ಹೆಚ್ಚು ಇಳಿಯುವುದಿಲ್ಲ. ದೋಷವುಳ್ಳವರ ರಕ್ತದಲ್ಲಿ ಬಹುಪಾಲು ಕಾಣದಾಗುತ್ತದೆ. ಅಷ್ಟರಲ್ಲಿ, 1956ರಲ್ಲಿ, ಕಾರ್ಸನ್ ಮತ್ತು ಸಂಗಡಿಗರು ಮೂಲವನ್ನೇ ಹಿಡಿದಿದ್ದರು: ಸಕ್ಕರೆಯಿಂದ ಜಲಜನಕವನ್ನು ಒದಗಿಸುವ ಜಿ6ಪಿಡಿ ಎಂಬ ಕಿಣ್ವದ ಕೊರತೆ. ಕೆಂಪು ರಕ್ತಕಣಕ್ಕೆ ಜಲಜನಕ ಪಡೆಯಲು ಬೇರೆ ಮಾರ್ಗವಿಲ್ಲ. ಲೋಟಗಳಿವೆ, ತೊಳೆಯಲು ನೀರಿಲ್ಲ.

ಈ ಕಥೆ ಭಾರತಕ್ಕೆ ದೂರದ್ದಲ್ಲ. ವೈವ್ಯಾಕ್ಸ್ ಜಾತಿಯ ಮಲೇರಿಯಾ ಮರುಕಳಿಸದಂತೆ ಇಲ್ಲಿ 14 ದಿನ ಪ್ರಿಮಾಕ್ವಿನ್ ಕೊಡುವುದು ರೂಢಿ. ಜಿ6ಪಿಡಿ ಕೊರತೆಯು ಮುಂಬಯಿಯ ಪಾರ್ಸಿಗಳಲ್ಲಿಯೂ ದೇಶದ ಹಲವು ಆದಿವಾಸಿ ಸಮುದಾಯಗಳಲ್ಲಿಯೂ ಹೆಚ್ಚು; ಉಳಿದವರಲ್ಲಿ ಇಲ್ಲವೆಂದೇನೂ ಅಲ್ಲ. ವಂಶಪಾರಂಪರ್ಯವಾಗಿ ಬರುವ ಈ ದೋಷ ಗಂಡಸರಲ್ಲಿ ಹೆಚ್ಚಾಗಿ ಪ್ರಕಟವಾಗುತ್ತದೆ. ಗುಳಿಗೆಯನ್ನು ಆರಂಭಿಸುವ ಮುನ್ನ ರಕ್ತ ಪರೀಕ್ಷೆ ಮಾಡಿಸುವುದು, ಮೂತ್ರದ ಬಣ್ಣ ಕಪ್ಪಾದರೆ ತಕ್ಷಣ ಗುಳಿಗೆ ನಿಲ್ಲಿಸಿ ವೈದ್ಯರನ್ನು ಕಾಣುವುದು ಅವಶ್ಯ.

ಲೋಟಗಳೇ ಮನೆಬಿಟ್ಟಾಗ

ಜ್ವರಕ್ಕೂ ಮೈಕೈನೋವಿಗೂ ಮನೆಮನೆಯಲ್ಲಿ ನುಂಗುವ ಪ್ಯಾರಸಿಟಮಾಲ್ ಗುಳಿಗೆಯು ಹೇಳಿದ ಪ್ರಮಾಣದಲ್ಲಿ ತೀರ ಸುರಕ್ಷಿತವಾದ ಔಷಧ. ಆದರೆ ಮಿತಿಮೀರಿ ಸೇವಿಸಿದವರ ಯಕೃತ್ತು ಸತ್ತುಹೋಗುವುದನ್ನು 1966ರಲ್ಲಿ ಎಡಿನ್‌ಬರೋದ ವೈದ್ಯರು ಮೊದಲಿಗೆ ವರದಿ ಮಾಡಿದರು. ನಿರಪಾಯಕಾರಿಯೆನಿಸಿದ ಔಷಧ ಒಂದು ಮಿತಿಯ ಆಚೆ ಹೀಗೇಕೆ ವಿಷವಾಗುತ್ತದೆ?

ಉತ್ತರ 1973ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ದೊರೆಯಿತು. ಮಿಚೆಲ್, ಜೋಲೊ, ಗಿಲೆಟ್, ಬ್ರೋಡಿ ಮೊದಲಾದವರು ಇಲಿಗಳ ಮೇಲೆ ನಡೆಸಿದ ಪ್ರಯೋಗಮಾಲೆಯಿದು. ನುಂಗಿದ ಪ್ಯಾರಸಿಟಮಾಲಿನ ಅಲ್ಪಾಂಶವನ್ನು ಯಕೃತ್ತು ಒಂದು ಉಗ್ರ ಸಂಯುಕ್ತವಾಗಿ ಮಾರ್ಪಡಿಸುತ್ತದೆ. ಗ್ಲುಟಾಥಿಯೋನ್ ಅದಕ್ಕೆ ಅಂಟಿಕೊಂಡು, ಅದರೊಡನೆಯೇ ದೇಹದಿಂದ ಹೊರಹೋಗುತ್ತದೆ. ರಕ್ತಕಣದಲ್ಲಿ ನಡೆದುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲಿದೆ: ಇಲ್ಲಿ ಲೋಟ ತೊಳೆಯಲು ಸಿಕ್ಕುವುದೇ ಇಲ್ಲ, ಅತಿಥಿಯ ಕೈಯಲ್ಲಿ ಮನೆಬಿಟ್ಟು ಹೋಗುತ್ತದೆ. ಮಿತವಾದ ಪ್ರಮಾಣದಲ್ಲಿ ಯಕೃತ್ತು ಹೊಸ ಗ್ಲುಟಾಥಿಯೋನನ್ನು ತಯಾರಿಸಿ ಸರಿದೂಗಿಸಿಕೊಳ್ಳುತ್ತದೆ. ಪ್ರಮಾಣ ಮೀರಿದಾಗ ಸಂಗ್ರಹ ಕರಗುತ್ತ ಬಂದು, ಸುಮಾರು 70 ಪ್ರತಿಶತ ಖರ್ಚಾಗುವವರೆಗೂ ಯಕೃತ್ತಿಗೆ ಏನೂ ಆಗುವುದಿಲ್ಲ. ಆ ಗೆರೆ ದಾಟಿದೊಡನೆ ಉಗ್ರ ಸಂಯುಕ್ತವು ಕೋಶದ ಪ್ರೋಟೀನುಗಳಿಗೇ ಅಂಟಿಕೊಳ್ಳತೊಡಗಿ ಕೋಶಗಳು ಸಾಯುತ್ತವೆ. ಮೊದಲೇ ಬೇರೊಂದು ರಾಸಾಯನಿಕದಿಂದ ಗ್ಲುಟಾಥಿಯೋನನ್ನು ಬರಿದುಮಾಡಿದ್ದ ಇಲಿಗಳಲ್ಲಿ ಹಾನಿ ಉಲ್ಬಣಿಸಿತು. ಮೊದಲೇ ಸಿಸ್ಟೀನ್ ಕೊಟ್ಟಿದ್ದ ಇಲಿಗಳು ಪಾರಾದವು.

ಈ ಕೊನೆಯ ಸಂಗತಿಯೇ ಮನುಷ್ಯರ ಪ್ರಾಣ ಉಳಿಸಿತು. ಎಡಿನ್‌ಬರೋದಲ್ಲಿ ಲಾರಿ ಪ್ರೆಸ್ಕಾಟ್ ಮತ್ತು ಸಂಗಡಿಗರು 1974ರಲ್ಲಿ ಸಿಸ್ಟೆಯಮೀನ್ ಎಂಬ ಗಂಧಕಯುಕ್ತ ವಸ್ತುವನ್ನು ರೋಗಿಗಳಿಗೆ ಕೊಟ್ಟುನೋಡಿದರು. ಗುಣವಿತ್ತು, ಆದರೆ ವಿಪರೀತ ವಾಂತಿ. 1977ರಲ್ಲಿ ಅದರ ಬದಲು ಅಸಿಟೈಲ್‌ಸಿಸ್ಟೀನ್ ಬಂದಿತು. ಕಫ ಕರಗಿಸಲು ಮೊದಲೇ ಬಳಕೆಯಲ್ಲಿದ್ದ ಔಷಧವದು. ಮಿತಿಮೀರಿ ನುಂಗಿದ ಎಂಟು ಗಂಟೆಗಳೊಳಗೆ ಅದನ್ನು ರಕ್ತನಾಳದ ಮೂಲಕ ಹರಿಸಿದರೆ ಯಕೃತ್ತು ಹೆಚ್ಚುಕಡಮೆ ಪೂರ್ಣವಾಗಿ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯವಶ್ಯ ಔಷಧಗಳ ಪಟ್ಟಿಯಲ್ಲಿ ಅದಕ್ಕಿಂದು ಸ್ಥಾನವಿದೆ.

ಗ್ಲುಟಾಥಿಯೋನನ್ನೇ ಏಕೆ ಹರಿಸಲಿಲ್ಲವೆಂಬ ಪ್ರಶ್ನೆ ಸಹಜ. ರಕ್ತದಲ್ಲಿರುವ ಗ್ಲುಟಾಥಿಯೋನನ್ನು ಯಕೃತ್ತಿನ ಕೋಶಗಳು ಇಡಿಯಾಗಿ ಒಳಗೆ ಸೇರಿಸಿಕೊಳ್ಳುವುದಿಲ್ಲ. ಅದು ಮೊದಲು ಹೊರಗೆ ಬಿಡಿಭಾಗಗಳಾಗಿ ಒಡೆದು, ಆ ಬಿಡಿಭಾಗಗಳು ಒಳಸೇರಿ, ಅಲ್ಲಿ ಮತ್ತೆ ಜೋಡಣೆಯಾಗಬೇಕು. ಆದ್ದರಿಂದ ನೇರವಾಗಿ ಕಚ್ಚಾಸಾಮಗ್ರಿಯನ್ನೇ, ಅದರಲ್ಲಿಯೂ ಸಾಮಾನ್ಯವಾಗಿ ಕೊರತೆ ಬೀಳುವ ಸಿಸ್ಟೀನನ್ನು, ತಲುಪಿಸುವುದು ಮೇಲು.

ಮನೆಯವರು ತಿಳಿದಿರಬೇಕಾದ ಕೆಲವು ವಿಷಯಗಳು ಇದರಿಂದಲೇ ಹೊರಡುತ್ತವೆ. ಆರೋಗ್ಯವಂತ ವಯಸ್ಕರಿಗೆ ದಿನವೊಂದಕ್ಕೆ ಗರಿಷ್ಠ ಮಿತಿ 4 ಗ್ರಾಂ. 500 ಮಿಲಿಗ್ರಾಮಿನ ಎಂಟು ಗುಳಿಗೆಗಳು, 650ರದಾದರೆ ಆರು. ನೆಗಡಿಯ ಮಾತ್ರೆಗಳಲ್ಲಿಯೂ ನೋವಿನ ಮಿಶ್ರ ಗುಳಿಗೆಗಳಲ್ಲಿಯೂ ಅನೇಕ ವೇಳೆ ಪ್ಯಾರಸಿಟಮಾಲ್ ಅಡಗಿರುವುದರಿಂದ ಲೆಕ್ಕ ತಪ್ಪುವುದು ಸುಲಭ. ಉಪವಾಸವಿಟ್ಟ ಇಲಿಗಳ ಯಕೃತ್ತಿನಲ್ಲಿ ಎರಡು ದಿನಗಳೊಳಗೆ ಗ್ಲುಟಾಥಿಯೋನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ದಿನದ ಜ್ವರದಲ್ಲಿ ಗಂಜಿಯೂ ಸೇರದೆ ಮಲಗಿರುವವರು, ಕೃಶರಾದ ವೃದ್ಧರು, ನಿತ್ಯ ಮದ್ಯಪಾನಿಗಳು, ಇವರಿಗೆ ಮೇಲಿನ ಮಿತಿಯೂ ಹೆಚ್ಚಾದೀತು; ಅವರಿಗೆಷ್ಟೆಂಬುದನ್ನು ವೈದ್ಯರೇ ಹೇಳಬೇಕು. ಇನ್ನೊಂದು ಮಾತು: ಮಿತಿಮೀರಿ ನುಂಗಿದವರಿಗೆ ಮೊದಲ ದಿನ ಸ್ವಲ್ಪ ವಾಕರಿಕೆಯ ಹೊರತು ಏನೂ ಕಾಣದಿರಬಹುದು. ಕಾಮಾಲೆ ಕಾಣಿಸಿಕೊಳ್ಳುವ ವೇಳೆಗೆ ಆ ಎಂಟು ಗಂಟೆಗಳು ಎಂದೋ ಕಳೆದಿರುತ್ತವೆ. ಚೆನ್ನಾಗಿಯೇ ಇದ್ದಾರಲ್ಲ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಕಂಚುಗಾರನ ಕೈ ಕಟ್ಟಿದಾಗ

ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಆಲ್ಟನ್ ಮೈಸ್ಟರ್ ತಮ್ಮ ಆಯುಷ್ಯದ ಬಹುಭಾಗವನ್ನು ಈ ಒಂದು ಅಣುವಿಗೆ ಮುಡಿಪಾಗಿಟ್ಟವರು. 1979ರಲ್ಲಿ ಅವರೂ ಗ್ರಿಫಿತ್ ಅವರೂ ಕೂಡಿ, ಗ್ಲುಟಾಥಿಯೋನಿನ ತಯಾರಿಕೆಯನ್ನೇ ತಡೆಯುವ ಬ್ಯೂಥಿಯೋನೀನ್ ಸಲ್ಫಾಕ್ಸಿಮೀನ್ ಎಂಬ ವಸ್ತುವನ್ನು ಸಂಶೋಧಕರ ಕೈಗೆ ಕೊಟ್ಟರು. ಅದನ್ನು ಎಳೆಯ ಇಲಿಮರಿಗಳಿಗೆ ಕೊಟ್ಟಾಗ ಅವುಗಳ ಕಣ್ಣಿನಲ್ಲಿ ಪೊರೆ ಬೆಳೆಯಿತು. ಕಣ್ಣಿನ ಮಸೂರದಲ್ಲಿ ಗ್ಲುಟಾಥಿಯೋನ್ ವಿಶೇಷವಾಗಿ ತುಂಬಿರುತ್ತದೆ. ಮನುಷ್ಯರಲ್ಲಿ ವಯಸ್ಸಾದಂತೆ ಅಲ್ಲಿ ಅದು ಇಳಿಯುತ್ತದೆ. ಇಳಿವಯಸ್ಸಿನ ಕಣ್ಣುಪೊರೆಗೆ ಇದೊಂದೇ ಕಾರಣವೆಂದು ಹೇಳಲಾಗದಿದ್ದರೂ ಸಂಬಂಧವಿರುವುದು ಸ್ಪಷ್ಟ. ಪಾರ್ಕಿನ್ಸನ್ ಕಾಯಿಲೆಯಿಂದ ಸತ್ತವರ ಮಿದುಳಿನ ನಿರ್ದಿಷ್ಟ ಭಾಗದಲ್ಲಿ ಗ್ಲುಟಾಥಿಯೋನ್ ಕುಗ್ಗಿರುವುದನ್ನು 1982ರಲ್ಲಿ ಕೆನಡಾದ ಪೆರ್ರಿ ಮತ್ತಿತರರು ಕಂಡರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಈ ಸಂಬಂಧವನ್ನು ಕುರಿತು ಸಂಶೋಧನೆ ನಡೆದಿದೆ.

ಬೆಂಗಳೂರಿನದೇ ಇನ್ನೊಂದು ಕೆಲಸವನ್ನು ಇಲ್ಲಿ ನೆನೆಯಬೇಕು. ಗ್ಲುಟಾಥಿಯೋನನ್ನು ಬಳಸಿ ಪೆರಾಕ್ಸೈಡನ್ನು ನೀರಾಗಿಸುವ ಕಿಣ್ವವನ್ನು 1957ರಲ್ಲಿ ಗಾರ್ಡನ್ ಮಿಲ್ಸ್ ಪತ್ತೆಹಚ್ಚಿದರು. ಅದರ ಹೃದಯದಲ್ಲಿ ಸೆಲೆನಿಯಮ್ ಇದೆಯೆಂಬುದು 1973ರಲ್ಲಿ ತಿಳಿಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮುಗೇಶ್ ಮತ್ತು ಸಂಗಡಿಗರು, ವನೇಡಿಯಮ್ ಆಕ್ಸೈಡಿನ ಅತಿಸೂಕ್ಷ್ಮ ತಂತಿಗಳೂ ಅದೇ ಕಿಣ್ವದಂತೆ ವರ್ತಿಸಿ ಜೀವಕೋಶಗಳನ್ನು ಕಾಯಬಲ್ಲವೆಂದು 2014ರಲ್ಲಿ ತೋರಿಸಿದರು. ಆ ತಂತಿಗಳಿಗೂ ಕೋಶದೊಳಗಿನ ಗ್ಲುಟಾಥಿಯೋನ್ ಬೇಕೇ ಬೇಕು.

ಅಳೆಯುವುದರ ಕಷ್ಟ

ಗ್ಲುಟಾಥಿಯೋನನ್ನು ಅಳೆಯುವುದು ಮೇಲುನೋಟಕ್ಕೆ ಸುಲಭ. ಜಾರ್ಜ್ ಎಲ್ಮನ್ 1959ರಲ್ಲಿ ರೂಪಿಸಿದ ದ್ರಾವಣವನ್ನು ಸೇರಿಸಿದರೆ ಗಂಧಕ-ಜಲಜನಕದ ಜೋಡಿಯಿರುವೆಡೆ ಹಳದಿ ಬಣ್ಣ ಮೂಡುತ್ತದೆ. ಬಣ್ಣದ ಗಾಢತೆಯೇ ಅಳತೆ. 1969ರಲ್ಲಿ ಟೀಟ್ಸೆ ಇದಕ್ಕೆ ಕಿಣ್ವವೊಂದನ್ನು ಕೂಡಿಸಿ ಅತ್ಯಲ್ಪ ಪ್ರಮಾಣವನ್ನೂ ಅಳೆಯುವಂತೆ ಮಾಡಿದರು. ಆರೋಗ್ಯವಂತ ಕೋಶದಲ್ಲಿ ಸಿದ್ಧವಿರುವ ಗ್ಲುಟಾಥಿಯೋನ್ ಬೆಸೆದ ಜೋಡಿಗಿಂತ ಸುಮಾರು ನೂರು ಪಟ್ಟು ಹೆಚ್ಚೆಂದು ಪಠ್ಯಪುಸ್ತಕಗಳು ಹೇಳುತ್ತ ಬಂದುದು ಇಂಥ ಅಳತೆಗಳ ಆಧಾರದಿಂದ.

ತೊಡಕಿರುವುದು ಬಣ್ಣದಲ್ಲಲ್ಲ, ಅದಕ್ಕೆ ಮುಂಚಿನ ಹೆಜ್ಜೆಯಲ್ಲಿ. ಅಳೆಯಲು ಕೋಶವನ್ನು ಅರೆಯಬೇಕು. ಅರೆದೊಡನೆ ಗಾಳಿ ತಗಲಿ, ಬದನೆಕಾಯಿಯ ಹೋಳಿನಂತೆ, ಗ್ಲುಟಾಥಿಯೋನ್ ಉತ್ಕರ್ಷಣಗೊಳ್ಳತೊಡಗುತ್ತದೆ. ಮಾದರಿಯನ್ನು ಕೂಡಲೇ ಆಮ್ಲಕ್ಕೆ ಹಾಕದೆ ಮೇಜಿನ ಮೇಲೆ ಬಿಟ್ಟರೆ, ರೋಗಿಯಲ್ಲಿಲ್ಲದ ದೋಷ ಪ್ರನಾಳದಲ್ಲಿ ಹುಟ್ಟುತ್ತದೆ. 2008ರಲ್ಲಿ ಹೈಡೆಲ್‌ಬರ್ಗಿನ ಸಂಶೋಧಕರು ಜೆಲ್ಲಿ ಮೀನಿನಿಂದ ಬಂದ ಹೊಳೆಯುವ ಪ್ರೋಟೀನನ್ನು ಮಾರ್ಪಡಿಸಿ, ಕೋಶವನ್ನು ಒಡೆಯದೆಯೇ ಒಳಗಿನ ಸ್ಥಿತಿಯನ್ನು ಬೆಳಕಿನಿಂದ ಓದುವ ಉಪಾಯವನ್ನು ಕಂಡುಕೊಂಡರು. ಜೀವಂತ ಕೋಶದ ಒಳಮನೆ ನೂರಕ್ಕೊಂದು ಎಂಬ ಲೆಕ್ಕಕ್ಕಿಂತ ಎಷ್ಟೋ ಪಟ್ಟು ಶುದ್ಧವಾಗಿರುವುದು ಆಗ ಕಂಡುಬಂದಿತು. ಹಳೆಯ ಎಷ್ಟೋ ಅಳತೆಗಳಲ್ಲಿ ಕಂಡ ಕೊಳೆ ಅರೆಯುವ ಕೈಯದೇ ಆಗಿದ್ದಿತು.

ನುಂಗಿದರೆ, ಚುಚ್ಚಿಸಿಕೊಂಡರೆ

ಪೇಟೆಯ ಮಾತ್ರೆಯ ಗತಿಯೇನು? 1992ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಏಳು ಆರೋಗ್ಯವಂತರಿಗೆ ಒಂದೇ ಸಲಕ್ಕೆ ಸುಮಾರು 3 ಗ್ರಾಂ ಗ್ಲುಟಾಥಿಯೋನ್ ಕುಡಿಸಿದರು. ರಕ್ತದಲ್ಲಿ ಗಣನೀಯ ಏರಿಕೆ ಕಾಣಲಿಲ್ಲ. ಕರುಳು ಮತ್ತು ಯಕೃತ್ತು ಅದನ್ನು ದಾರಿಯಲ್ಲೇ ಒಡೆದುಹಾಕಿದ್ದವು. 2011ರಲ್ಲಿ ನಾಲ್ಕು ವಾರಗಳ ಪರೀಕ್ಷೆಯೊಂದೂ ಪ್ರಯೋಜನ ಕಾಣಲಿಲ್ಲ. 2015ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ ಮಾತ್ರ ಆರು ತಿಂಗಳು ನಿತ್ಯ ಸೇವಿಸಿದವರ ರಕ್ತದಲ್ಲಿ ಸಂಗ್ರಹ ಏರಿತು. ಏರಿದ್ದರಿಂದ ಅವರಿಗೆ ಯಾವ ಕಾಯಿಲೆ ತಪ್ಪಿತೆಂಬುದು ಬೇರೆಯೇ ಪ್ರಶ್ನೆ.

ಏರಿದಷ್ಟೂ ಒಳ್ಳೆಯದೆಂಬ ನಂಬಿಕೆಗೂ ಪೆಟ್ಟು ಬಿದ್ದಿದೆ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ 2014ರಲ್ಲಿ, ಶ್ವಾಸಕೋಶದ ಗೆಡ್ಡೆಯಿದ್ದ ಇಲಿಗಳಿಗೆ ಅಸಿಟೈಲ್‌ಸಿಸ್ಟೀನ್ ಅಥವಾ ಇ ಜೀವಸತ್ವ ಕೊಟ್ಟಾಗ ಗೆಡ್ಡೆಗಳು ಬೇಗ ಬೆಳೆದು ಇಲಿಗಳು ಬೇಗ ಸತ್ತವು. ಕಾವಲುಗಾರನು ಒಳ್ಳೆಯ ಕೋಶವೆಂದೂ ಕೆಟ್ಟ ಕೋಶವೆಂದೂ ನೋಡುವುದಿಲ್ಲ. ವಿಷಕ್ಕೆ ಪ್ರತಿವಿಷವಾಗಿ ಪ್ರಾಣ ಉಳಿಸಿದ ಔಷಧವೇ ಇದೂ ಎಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಮೈಬಣ್ಣ ಬೆಳ್ಳಗಾಗಲೆಂದು ಕೊಡುವ ಚುಚ್ಚುಮದ್ದು. ಸಿಸ್ಟೀನ್ ಹೆಚ್ಚಿದ್ದಾಗ ಚರ್ಮದ ಕಪ್ಪು ವರ್ಣದ್ರವ್ಯದ ಬದಲು ಕೆಂಪು-ಹಳದಿಯ ವರ್ಣದ್ರವ್ಯ ತಯಾರಾಗುವುದು ಪ್ರಯೋಗಶಾಲೆಯ ಸತ್ಯ. ಆ ಸತ್ಯದಿಂದ ಸೌಂದರ್ಯ ಚಿಕಿತ್ಸಾಲಯದ ಸೂಜಿಯವರೆಗಿನ ದಾರಿಯಲ್ಲಿ ಗಟ್ಟಿಯಾದ ಸಾಕ್ಷ್ಯವಿಲ್ಲ. ಈ ಬಗೆಯ ಬಳಕೆಯ ವಿರುದ್ಧ ಫಿಲಿಪೈನ್ಸ್ ಸರಕಾರದ ಔಷಧ ಇಲಾಖೆ 2011ರಲ್ಲಿಯೇ ಎಚ್ಚರಿಕೆ ಕೊಟ್ಟಿತು. ಹೆಣ್ಣುಮಕ್ಕಳ ಮದುವೆಯ ಮಾತಿಗೆ ಬಣ್ಣವನ್ನು ತಳಕುಹಾಕುವ ಸಮಾಜದಲ್ಲಿ ಇಂಥ ಸೂಜಿಗೆ ಗಿರಾಕಿಗಳ ಕೊರತೆಯಿಲ್ಲವೆಂಬುದು ಬೇಸರದ ಸಂಗತಿ.

ಎಡಿನ್‌ಬರೋ ತೋರಿಸಿದ ದಾರಿಯಲ್ಲಿಯೇ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಸಣ್ಣ ಪರೀಕ್ಷೆ ನಡೆದು 2011ರಲ್ಲಿ ಪ್ರಕಟವಾಯಿತು. ಎಂಟು ವೃದ್ಧರಲ್ಲಿ ಗ್ಲುಟಾಥಿಯೋನಿನ ತಯಾರಿಕೆ ಯುವಕರಿಗಿಂತ ಕಡಮೆಯಿತ್ತು. ಎರಡು ವಾರ ಸಿಸ್ಟೀನ್ ಮತ್ತು ಗ್ಲೈಸೀನ್ ಒದಗಿಸಿದಾಗ ಅದು ಚೇತರಿಸಿಕೊಂಡಿತು. ಎಂಟು ಜನರ ಪರೀಕ್ಷೆ ಎಂಟು ಜನರದೇ. ಅದನ್ನು ನೆಚ್ಚಿ ಅಂಗಡಿಗೆ ಓಡಬೇಕಾಗಿಲ್ಲ. ಸಿಸ್ಟೀನ್ ಊಟದಲ್ಲಿಯೇ ಇದೆ. ತೊಗರಿ, ಹೆಸರು, ಕಡಲೆ ಮುಂತಾದ ಬೇಳೆಗಳಲ್ಲಿ ಗಂಧಕಯುಕ್ತ ಅಮೈನೋ ಆಮ್ಲಗಳು ಕಡಮೆ. ಅಕ್ಕಿ, ಗೋಧಿ, ರಾಗಿ, ಎಳ್ಳುಗಳಲ್ಲಿ ಅವು ಹೆಚ್ಚು, ಹಾಲು-ಮೊಟ್ಟೆಗಳಲ್ಲಿಯೂ ಉಂಟು. ಅನ್ನ-ಸಾರು, ಮುದ್ದೆ-ಹುಳಿಗಳ ಜೋಡಿಯಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.